ಬಲ ಮೊಣಕಾಲು ಮತ್ತು ಎರಡನೆಯ ಒಲೆ

ಯೋಗ ಕಲಿಸುವ ಬಾಯಿಯವರು ಪದ್ಮಾಸನದಲ್ಲಿ ಕೂತ ನನ್ನ ಬಲ ಮೊಣಕಾಲಿನ ಕೆಳಗೆ ಅಂಗೈಯನ್ನು ನಿಲ್ಲಿಸಿ ಅಳೆದರು. ಸಾಲಲಿಲ್ಲ. ಹೆಬ್ಬೆರಳು, ಕಿರುಬೆರಳು ಚಾಚಿ ಗೇಣು ಹಾಕಿದರು. ನೆಲಕ್ಕೂ ಮೊಣಕಾಲಿಗೂ ನಡುವೆ ಸರಿಯಾಗಿ ಒಂದು ಗೇಣು.

"ಎಡಗಾಲು ಶಾಣೇ ಐತ್ರಿ ನಿಮ್ದು. ಬಲಗಾಲಿಗೆ ಏನಾಗೈತಿ?"

"ಗೊತ್ತಿಲ್ರಿ ಬಾಯಾರ" ಎಂದೆ. ಅವರು ಮುಂದಿನವಳ ಹತ್ತಿರ ಹೋಗಿ ಅವಳ ಬಲ ಮೊಣಕಾಲಿಗೂ ಗೇಣು ಹಾಕತೊಡಗಿದರು. ನಾನು ನನ್ನ ಕಾಲಿನ ಮೇಲಿನ ಸಿಟ್ಟಿನಲ್ಲಿದ್ದೆ, ಹೀಗಾಗಿ ಅವಳದು ಎಷ್ಟಿತ್ತು ಎಂದು ನೋಡಲಿಲ್ಲ. ನೋಡಿದ್ದರೆ ಅರ್ಧ ವರ್ಷದ ಗೋಳು ತಪ್ಪುತ್ತಿತ್ತು.

ಇದು ನಡೆದದ್ದು ಬಸವನ ಬಾಗೇವಾಡಿಯ ಒಂದು ಹಳೆಯ ವಾಡೆಯ ಪಡಸಾಲೆಯಲ್ಲಿ. ಆಲಮಟ್ಟಿಯ ಕಡೆ ಆಣೆಕಟ್ಟಿನ ಸರ್ವೆಯವರ ಜೀಪುಗಳು ಧೂಳೆಬ್ಬಿಸಿಕೊಂಡು ಓಡಾಡುತ್ತಿದ್ದ ಕಾಲ. ಹೆಣ್ಣುಮಕ್ಕಳ ಸಾಲೆಗಳಿಗೆ ಯೋಗ ಕಲಿಸುವವರನ್ನು ತಯಾರು ಮಾಡಲು ಅಲ್ಲೊಂದು ವರ್ಗ ಶುರುವಾಗಿತ್ತು. ಶನಿವಾರ ಮಧ್ಯಾಹ್ನ ಆಸನ, ಪ್ರಾಣಾಯಾಮ. ರಾತ್ರಿ ವಾಡೆಯ ಹಿಂದಿನ ಕೋಣೆಯಲ್ಲಿ ವಸತಿ. ರವಿವಾರ ಮುಂಜಾನೆ ಶಾಸ್ತ್ರದ ಪಾಠ, ಮುಗಿಸಿಕೊಂಡು ಬಸ್ಸು. ಆಸನ ಕಲಿಸುತ್ತಿದ್ದ ಬಾಯಿಯವರು ಬೆಳಗಾವಿಯವರು. ಮಹಾರಾಷ್ಟ್ರದ ಘಟ್ಟದ ಊರೊಂದರಲ್ಲಿ ಕಲಿತು ಬಂದಿದ್ದರು. ಶಾಸ್ತ್ರ ಕಲಿಸುತ್ತಿದ್ದವರು ವಯಸ್ಸಾದ ಒಬ್ಬ ಶಾಸ್ತ್ರಿಗಳು. ಸಂಸ್ಕೃತವನ್ನು ನಮ್ಮ ಮಾತಿಗೆ ಇಳಿಸಿ, ನಮಗೆ ತಿಳಿಯಿತೋ ಇಲ್ಲವೋ ಎಂದು ಕನ್ನಡಕದ ಮೇಲಿನಿಂದ ನೋಡುವವರು.

ನಾನಾಗ ಮುದ್ದೇಬಿಹಾಳದ ಹೆಣ್ಣುಮಕ್ಕಳ ಸಾಲೆಯಲ್ಲಿ ಬದಲಿ ಶಿಕ್ಷಕಿ. ದೀರ್ಘ ರಜೆಯ ಮೇಲೆ ಹೋದ ಶಿಕ್ಷಕಿ ಮರಳಿ ಬಂದ ದಿನ ನಾನು ಮನೆಗೆ ಹೋಗುವವಳು. ನಮ್ಮ ಮುಖ್ಯಾಧ್ಯಾಪಕಿ ಒಂದು ದಾರಿ ತೋರಿಸಿದ್ದರು. ಸಾಲೆಗೆ ಯೋಗದ ಶಿಕ್ಷಕಿ ಬೇಕಾಗಿದ್ದಾಳೆ, ಈ ವರ್ಷ ಪ್ರಮಾಣಪತ್ರ ತಂದರೆ ಜಾಗ ನಿನ್ನದು, ತರದಿದ್ದರೆ ಹೊರಗಿನವರನ್ನು ಕರೆಯಬೇಕಾಗುತ್ತದೆ ಎಂದಿದ್ದರು. ಅದಕ್ಕೇ ಹೋದೆ. ಹೋದ ಮೇಲೆ ಕೆಲಸದ ಮಾತು ಅರ್ಧವಷ್ಟೇ ಆಯಿತು. ಮೊದಲ ರವಿವಾರವೇ ಶಾಸ್ತ್ರಿಗಳ ಪಾಠ ನನ್ನನ್ನು ಹಿಡಿದುಬಿಟ್ಟಿತು. ಮನಸ್ಸನ್ನೂ ಮೊರದಲ್ಲಿ ಹಾಕಿದ ಜೋಳದ ಹಾಗೆ ಎದುರಿಗೆ ಇಟ್ಟುಕೊಂಡು ನೋಡಬಹುದು, ಕಾಳು ಯಾವುದು, ಹರಳು ಯಾವುದು ಎಂದು ಆರಿಸಬಹುದು ಎಂಬುದನ್ನು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ. ಈ ವಿದ್ಯೆ ನನಗೆ ಬೇಕೇ ಬೇಕು ಅನಿಸಿತು.

ತೊಡಕಿದ್ದದ್ದು ಪರೀಕ್ಷೆಯ ನಿಯಮದಲ್ಲಿ. ಶಾಸ್ತ್ರದ ಪರೀಕ್ಷೆ ಬಾಯಿಮಾತಿನದು, ಅದನ್ನು ಪದ್ಮಾಸನದಲ್ಲಿ ಕೂತೇ ಕೊಡಬೇಕು. ಪ್ರಶ್ನೆ ಮುಗಿಯುವವರೆಗೆ ಎರಡೂ ಮೊಣಕಾಲು ನೆಲ ಬಿಡುವಂತಿಲ್ಲ. ಬಿಟ್ಟರೆ ಉತ್ತರ ಎಷ್ಟೇ ಚೆನ್ನಾಗಿರಲಿ, ಮುಂದಿನ ವರ್ಷ ಬನ್ನಿ ಅನ್ನುತ್ತಾರೆ. ಮುಂದಿನ ವರ್ಷ ನನಗೆ ಸಾಲೆ ಇರುವುದಿಲ್ಲ.

ಮನೆಯಲ್ಲಿ ಇನ್ನೊಂದು ನಿಯಮವಿತ್ತು. ಅದನ್ನು ಮಾಡಿದವರು ನಮ್ಮ ಅತ್ತೆ.

ನಮ್ಮ ಓಣಿಯಲ್ಲಿ ಅತ್ತೆಯ ಜೋಳದ ರೊಟ್ಟಿಗೆ ಹೆಸರು. ಹಾಳೆಯಷ್ಟು ತೆಳು, ತಾಟಿನಷ್ಟು ದುಂಡು. ಮದುವೆ ಮನೆಯವರು ಬಂದು ಕರೆದುಕೊಂಡು ಹೋಗುತ್ತಿದ್ದರು. ನಾನು ಸೊಸೆಯಾಗಿ ಬಂದ ಮೇಲೆ ಆ ವಿದ್ಯೆಯನ್ನು ಹಟ ಹಿಡಿದು ನನಗೆ ಕಲಿಸಿದ್ದರು. ನನ್ನ ಗಂಡ ಹತ್ತಿ ಜಿನ್ನಿನಲ್ಲಿ ಗುಮಾಸ್ತ. ಬಾಗೇವಾಡಿಗೆ ಹೋಗಲೇ ಎಂದು ಕೇಳಿದರೆ, "ಅವ್ವನ್ನ ಕೇಳು" ಅಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರದು ಎತ್ತಿದ ಕೈ. ಅತ್ತೆಯನ್ನು ಕೇಳಿದೆ.

"ಶನಿವಾರ ಹೋಗು, ರವಿವಾರ ಬಾ. ನಾ ಏನೂ ಅನ್ನೂದಿಲ್ಲ" ಅಂದರು. "ಆದ್ರ ಈ ಮನಿ ರೊಟ್ಟಿ ಕೆಡಬಾರ್ದು. ರೊಟ್ಟಿ ಕೆಟ್ಟ ದಿನ ನಿನ್ನ ಯೋಗ ಬಂದ್."

"ಹೂಂನ್ರಿ ಅತ್ಯಾರ."

ಯೋಗಕ್ಕೂ ರೊಟ್ಟಿಗೂ ಏನು ಸಂಬಂಧ ಎಂದು ಮನಸ್ಸಿನಲ್ಲೇ ನಕ್ಕು ಒಪ್ಪಿಕೊಂಡಿದ್ದೆ.

ಬಲ ಮೊಣಕಾಲನ್ನು ನೆಲಕ್ಕೆ ತರುವ ಕೆಲಸವನ್ನು ನಾನು ಕುಸ್ತಿಯ ಹಾಗೆ ಶುರು ಮಾಡಿದೆ. ಪದ್ಮಾಸನದಲ್ಲಿ ಮೊದಲು ಬಲಪಾದವನ್ನು ಎಡತೊಡೆಯ ಬುಡಕ್ಕೆ ಇಡಬೇಕು, ಆಮೇಲೆ ಎಡಪಾದವನ್ನು ಬಲತೊಡೆಯ ಮೇಲೆ. ನನಗೆ ಮೊದಲ ಹೆಜ್ಜೆಯಲ್ಲೇ ಬಲ ಮೊಣಕಾಲು ಮೇಲೇಳುತ್ತಿತ್ತು. ಅದನ್ನು ಕೈಯಿಂದ ಒತ್ತಿದೆ. ಕುಸುಬೆ ಎಣ್ಣೆ ಕಾಯಿಸಿ ತಿಕ್ಕಿದೆ. ಒಂದು ಚೀಲದಲ್ಲಿ ಹೊಳೆಯ ಮರಳು ತುಂಬಿ, ಬಾಯಿ ಹೊಲಿದು, ಮೊಣಕಾಲಿನ ಮೇಲೆ ಹೇರಿಕೊಂಡು ಕೂತೆ. ಹಲ್ಲು ಕಚ್ಚಿ ಕೂತಷ್ಟೂ ಮೊಣಕಾಲು ಇಳಿಯುತ್ತದೆ ಎಂದು ನನ್ನ ನಂಬಿಕೆ. ಇಳಿಯಲಿಲ್ಲ, ಊದಿತು. ನಿಡಗುಂದಿಯಲ್ಲಿ ಬಸ್ಸು ಬದಲಿಸುವಾಗ ಮೆಟ್ಟಿಲು ಹತ್ತಲಾರದೆ ಕಂಡಕ್ಟರನ ಕೈ ಹಿಡಿಯಬೇಕಾಯಿತು. ಮನೆಗೆ ಕುಂಟುತ್ತ ಬಂದವಳನ್ನು ಅತ್ತೆ ಹೊಸ್ತಿಲಲ್ಲಿ ನಿಂತು ನೋಡಿದರು.

"ಕುಂಡ್ರೂದು ಕಲಿಯಾಕ ಬಾಗೇವಾಡಿಗೆ ಹೋಗಿ, ನಿಂದ್ರೂದೂ ಮರತು ಬಂದಿ" ಅಂದರು. ಆದರೂ ಅರಿಷಿಣದ ಪಟ್ಟು ಹಾಕಿದವರು ಅವರೇ.

ಮುಂದಿನ ಶನಿವಾರ ಬಾಯಿಯವರು ಊದಿದ ಕಾಲು ನೋಡಿ ನನ್ನನ್ನು ಚಾಪೆಯಿಂದ ಎಬ್ಬಿಸಿದರು. ಅಷ್ಟು ಸಿಟ್ಟಾದದ್ದನ್ನು ನಾನು ಕಂಡಿರಲಿಲ್ಲ.

"ಮೊಣಕಾಲು ಬಾಗಿಲದ ಬಿಜಾಗರಿ ಇದ್ದಂಗ್ರಿ. ತೆರಿಯೂದು, ಮುಚ್ಚೂದು, ಎರಡ ಗೊತ್ತು ಅದಕ್ಕ. ತಿರಗಬೇಕಾದ್ದು ತೊಡಿ ಬುಡದಾಗಿನ ಕೀಲು. ಅದು ತಿರಗಲಿಲ್ಲ ಅಂದ್ರ ನೀವು ಒತ್ತಿದ್ದೆಲ್ಲಾ ಮೊಣಕಾಲಿಗೆ ಬೀಳತೈತಿ. ಇನ್ನ ಮ್ಯಾಲ ಮರಳು ಗಿರಳು ಇಟ್ರ ವರ್ಗದಿಂದ ತಗದ ಬಿಡ್ತೇನಿ."

ತೊಡೆಯ ಬುಡ ಬಿಡಿಸುವ ಅಭ್ಯಾಸ ಕೊಟ್ಟರು. ಅಂಗಾತ ಮಲಗಿ ಬಲಪಾದದ ಗಂಟನ್ನು ಎಡತೊಡೆಯ ಮೇಲಿಟ್ಟು ಉಸಿರು ಬಿಡುತ್ತ ಎಳೆದುಕೊಳ್ಳುವುದು, ಕೂತು ಎರಡೂ ಅಂಗಾಲು ಕೂಡಿಸಿ ತೊಡೆಗಳನ್ನು ತಾವಾಗಿ ಇಳಿಯಬಿಡುವುದು. ಚಾಚೂ ತಪ್ಪದೆ ಮಾಡಿದೆ. ಶನಿವಾರ ವರ್ಗ ಮುಗಿದ ಮೇಲೆ ಅಳೆದರೆ ಒಂದಿಷ್ಟು ಇಳಿದಿರುತ್ತಿತ್ತು. ವಾರವೆಲ್ಲ ಮನೆಯಲ್ಲಿ ಮಾಡಿ ಮತ್ತೆ ಮುಂದಿನ ಶನಿವಾರ ಅಳೆದರೆ, ತವರಿಗೆ ಹೋದ ಸೊಸೆ ತಿರುಗಿ ಬಂದಂತೆ ಅದೇ ಗೇಣು. ನನ್ನ ಕಾಲಿನ ಮೇಲಿನ ಭರವಸೆಯೇ ಹೋಯಿತು. ಬಾಯಿಯವರಿಗೂ ಇದರ ಕಾರಣ ತಿಳಿಯಲಿಲ್ಲ. ಅವರು ನಾನು ಮನೆಯಲ್ಲಿ ಅಭ್ಯಾಸವನ್ನೇ ಮಾಡುವುದಿಲ್ಲ ಎಂದು ತಿಳಿದಿದ್ದರು, ಅದು ಅವರ ಮುಖದಲ್ಲೇ ಕಾಣುತ್ತಿತ್ತು.

ಆ ದಿನಗಳಲ್ಲೇ ಶಾಸ್ತ್ರಿಗಳು ಸಂಸ್ಕಾರದ ಪಾಠ ಎತ್ತಿಕೊಂಡರು. ಮಾಡಿದ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ, ಅದು ಮುಗಿಯುವುದಿಲ್ಲ, ಒಳಗೆ ಒಂದು ಗುರುತು ಬಿಟ್ಟು ಹೋಗುತ್ತದೆ ಎಂದರು. ಅದೇ ಕೆಲಸ ಮತ್ತೆ ಮತ್ತೆ ಮಾಡಿದಂತೆ ಗುರುತು ಆಳವಾಗುತ್ತದೆ. ಆಮೇಲೆ ನಾವು ಆ ಕೆಲಸ ಮಾಡುವುದಿಲ್ಲ, ಗುರುತೇ ನಮ್ಮಿಂದ ಮಾಡಿಸುತ್ತದೆ.

"ಎರಿ ಹೊಲದಾಗ ಮಳಿಗಾಲಕ್ಕ ಗಾಡಿ ಹೋದ ಜಾಡು ನೋಡೀರಲ್ಲ" ಎಂದು ನಮ್ಮನ್ನು ಕೇಳಿದರು. "ಬ್ಯಾಸಗ್ಯಾಗ ಅದು ಕಲ್ಲಾಗತೈತಿ. ಆಮ್ಯಾಲ ಎತ್ತು ಬ್ಯಾಡ ಅಂದ್ರೂ ಗಾಲಿ ಅದರಾಗ ಇಳೀತೈತಿ. ಜಾಡು ಯಾರು ಮಾಡಿದ್ದು? ಅದ ಗಾಡಿ."

ನಾನು ಅದನ್ನು ಚೆಂದವಾಗಿ ಬರೆದುಕೊಂಡೆ. ಕೋಪ, ಆಸೆ, ಭಯ, ಹಿಂದಿನ ಜನ್ಮ ಎಂದೆಲ್ಲ ಅದಕ್ಕೆ ಉದಾಹರಣೆ ಹಚ್ಚಿಕೊಂಡೆ. ಎದುರಿಗೆ ಗೇಣೆತ್ತರ ನಿಂತ ನನ್ನದೇ ಮೊಣಕಾಲು ನೆನಪಿಗೆ ಬರಲಿಲ್ಲ.

ನೆನಪಿಗೆ ತಂದದ್ದು ಒಂದು ಶನಿವಾರದ ಸಂಜೆ. ವಸತಿಯ ಕೋಣೆಯಲ್ಲಿ ಮೂವರು ಇರುತ್ತಿದ್ದೆವು. ಇಂಡಿ ತಾಲೂಕಿನಿಂದ ಬಂದ ಎತ್ತರದ ಹುಡುಗಿ, ಸಿಂದಗಿಯ ಉರ್ದು ಸಾಲೆಯಲ್ಲಿ ಕಲಿಸುತ್ತಿದ್ದ ನನ್ನ ವಯಸ್ಸಿನ ಗೆಳತಿ, ಮತ್ತು ನಾನು. ಅಡುಗೆ ಸರದಿಯ ಮೇಲೆ. ಆ ಸಂಜೆ ಬಾಯಿಯವರಿಗೂ ನಮ್ಮಲ್ಲೇ ಊಟ. ಸಿಂದಗಿಯ ಗೆಳತಿ ರೊಟ್ಟಿಗೆ ಕೂತಳು. ಬಾಯಿಯವರು ತಮಗೆ ಎರಡು ಚಪಾತಿ ಸಾಕೆಂದು ಪಕ್ಕದಲ್ಲಿ ಮಣೆ, ಲಟ್ಟಣಿಗೆ ಹಿಡಿದು ಕೂತರು. ನಾನು ಬದನೆಕಾಯಿ ಹೆಚ್ಚುತ್ತಿದ್ದೆ, ಸುಮ್ಮನೆ ತಲೆ ಎತ್ತಿ ನೋಡಿದೆ.

ಬಾಯಿಯವರು ಎರಡೂ ಕಾಲು ಮಡಚಿ ಚಕ್ಕಳಮಕ್ಕಳ ಹಾಕಿ ಕೂತು ಲಟ್ಟಿಸುತ್ತಿದ್ದರು. ಚಪಾತಿಗೆ ಅಷ್ಟು ಸಾಕು. ರೊಟ್ಟಿ ಹಾಗಲ್ಲ, ಅದನ್ನು ಬಡಿಯಬೇಕು. ಹೆಗಲಿನಿಂದ ಭಾರ ಇಳಿಸಿ ಅಂಗೈಯಿಂದ ತಟ್ಟುತ್ತ, ಇನ್ನೊಂದು ಕೈಯಿಂದ ಅಂಚು ತಿರುಗಿಸುತ್ತ ಹೋಗಬೇಕು. ಅದಕ್ಕೆ ಮೈಗೆ ಆನಿಕೆ ಬೇಕು. ಸಿಂದಗಿಯ ಗೆಳತಿ ಎಡಗಾಲನ್ನು ನೆಲಕ್ಕೆ ಹಾಸಿ, ಬಲ ಮೊಣಕಾಲನ್ನು ಎದೆಯ ಹತ್ತಿರಕ್ಕೆ ಎತ್ತಿ ನಿಲ್ಲಿಸಿ ಕೂತಿದ್ದಳು.

"ಇವತ್ತು ನಿನ್ನ ಮೊಣಕಾಲು ಎಷ್ಟು ಬಂತು?" ಎಂದು ಕೇಳಿದೆ.

"ಅಷ್ಟ ಐತಿ. ಗೇಣು" ಅಂದಳು ತಟ್ಟುತ್ತಲೇ.

"ಯಾವ ಕಾಲು?"

"ಬಲಗಾಲು."

ಇಂಡಿಯ ಹುಡುಗಿಯನ್ನು ಕೇಳಿದೆ. ಅವಳದೂ ಬಲಗಾಲು. ನಾನು ಚಾಕು ಕೆಳಗಿಟ್ಟು, "ನೀ ರೊಟ್ಟಿಗೆ ಹೆಂಗ ಕುಂಡ್ರತಿ, ಕುಂತು ತೋರಿಸು" ಅಂದೆ. ಅವಳು ಒಲೆಯ ಮುಂದೆ ಕೂತಳು. ಎಡಗಾಲು ನೆಲದ ಮೇಲೆ, ಬಲ ಮೊಣಕಾಲು ಮೇಲೆ. ನಾನೂ ಕೂತು ನೋಡಿದೆ. ಯಾರೂ ಹೇಳದೆ ಅದೇ ಕಾಲು ಮೇಲೆದ್ದಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಮೂರೂ ತಾಲೂಕಿನ ಬಲ ಮೊಣಕಾಲುಗಳು ಒಂದೇ ಎತ್ತರಕ್ಕೆ ನಿಂತಿದ್ದವು. ಬಾಯಿಯವರ ಕೈಯಲ್ಲಿ ಲಟ್ಟಣಿಗೆ ನಿಂತಿತು.

"ಎಷ್ಟು ವರ್ಷದಿಂದ ಹಿಂಗ ಕುಂಡ್ರತೀರಿ?" ಎಂದು ಕೇಳಿದರು.

"ಪರಕಾರ ಉಡೋ ಸಣ್ಣ ಹುಡುಗಿ ಇದ್ದಾಗಿನಿಂದ್ರಿ" ಎಂದೆ.

ಬೆಳಗಾಗೆದ್ದು ಅರ್ಧ ತಾಸು ನಾನು ಬಿಡಿಸುತ್ತಿದ್ದ ತೊಡೆಯನ್ನು ದಿನಕ್ಕೆರಡು ಸಲ ಒಲೆಯ ಮುಂದೆ ಕೂತು ನಾನೇ ಕಟ್ಟಿಹಾಕುತ್ತಿದ್ದೆ. ಗಾಡಿಯೂ ನಾನೇ, ಜಾಡೂ ನನ್ನದೇ. ಶಾಸ್ತ್ರಿಗಳ ಪಾಠ ಆ ಸಂಜೆ ನನ್ನ ತಲೆಯಿಂದ ಕಾಲಿಗೆ ಇಳಿಯಿತು. ಖುಷಿಗೆ ಬದನೆಕಾಯಿಗೆ ಉಪ್ಪು ಹಾಕುವುದನ್ನು ಮರೆತೆ.

ದಾರಿ ಈಗ ಸ್ಪಷ್ಟವಿತ್ತು: ಮಗ್ಗಲು ಬದಲಿಸಿ ಕೂಡಬೇಕು. ಬಲಗಾಲು ಹಾಸಿ, ಎಡ ಮೊಣಕಾಲು ಎತ್ತಿ ರೊಟ್ಟಿ ಬಡಿಯಬೇಕು. ಸಿಂದಗಿಯ ಗೆಳತಿಯೂ ಇಂಡಿಯ ಹುಡುಗಿಯೂ ಹಾಗೇ ಮಾಡುತ್ತೇವೆ ಅಂದರು. ಹೇಳುವುದು ಸುಲಭ.

ಸೋಮವಾರ ಮುಂಜಾನೆ ಹಾಗೆ ಕೂತ ಮೇಲೆ ತಿಳಿಯಿತು, ನಮ್ಮವರು ಬಲ ಮೊಣಕಾಲನ್ನೇ ಯಾಕೆ ಎತ್ತುತ್ತಾರೆ ಎಂದು. ನಮ್ಮ ಒಲೆ ಎಡಗಡೆ. ಬಲಗೈ ಬಡಿಯುತ್ತದೆ, ಎಡಗೈ ಹತ್ತಿಕಟ್ಟಿಗೆಯನ್ನು ಒಲೆಗೆ ನೂಕುತ್ತದೆ. ಉರಿಯ ಕಡೆಯ ಕಾಲು ನೆಲಕ್ಕಂಟಿ ಇದ್ದರೆ ಸೀರೆ ಉರಿಗೆ ದೂರ. ನಾನು ಎಡ ಮೊಣಕಾಲು ಎತ್ತಿದೆ, ನಿರಿಗೆ ಹೋಗಿ ಒಲೆಯ ಬಾಯಿಗೆ ನಿಂತಿತು. ವಾಸನೆ ಬಂದ ಮೇಲೆ ನೋಡಿದರೆ ಅಂಚು ಕರಕಾಗಿತ್ತು. ಬಡಿದ ರೊಟ್ಟಿಯೂ ಒಂದು ಕಡೆ ದಪ್ಪ, ಒಂದು ಕಡೆ ಹರಕು. ಅತ್ತೆ ಅದನ್ನು ಬುಟ್ಟಿಯಿಂದ ಎತ್ತಿ, ಬೆಳಕಿಗೆ ಹಿಡಿದು ನೋಡಿ, ತಿರುಗಿ ಇಟ್ಟರು. ಆ ನೋಟ ಬೈಗುಳಕ್ಕಿಂತ ಕಷ್ಟ.

ಒಲೆಯನ್ನು ಬಲಕ್ಕೆ ಮಾಡಿಕೊಳ್ಳಲು ಒಂದೇ ದಾರಿ, ನಾನೇ ತಿರುಗಿ ಕೂಡುವುದು. ಆದರೆ ನಮ್ಮ ಅಡುಗೆಮನೆಯಲ್ಲಿ ಮೂಡಣ ಗೋಡೆಗೆ ದೇವರ ಜಗಲಿ. ಎಲ್ಲರೂ ಅದಕ್ಕೆ ಮುಖ ಮಾಡಿಯೇ ಕೂಡುವುದು. ತಿರುಗಿ ಕೂತರೆ ದೇವರಿಗೆ ಬೆನ್ನು. ಅತ್ತೆ ಹಿತ್ತಲಿಗೆ ಹೋದದ್ದನ್ನು ನೋಡಿಕೊಂಡು ಹಾಗೆಯೂ ಕೂತೆ. ಎರಡು ರೊಟ್ಟಿ ಬಡಿಯುವಷ್ಟರಲ್ಲಿ ಅವರು ಬಾಗಿಲಲ್ಲಿ ನಿಂತಿದ್ದರು.

"ಏನವಾ ಇದು? ದೇವರಿಗೆ ಬೆನ್ನು ಮಾಡಿ ರೊಟ್ಟಿ ಬಡಿಯಾಕತ್ತೀಯಲ್ಲ."

ಇನ್ನು ಮುಚ್ಚಿಟ್ಟು ಫಲವಿಲ್ಲ. ಎಲ್ಲ ಹೇಳಿದೆ. ಗೇಣಿನ ಅಳತೆ, ಮೂರು ತಾಲೂಕಿನ ಮೊಣಕಾಲು, ಪರೀಕ್ಷೆಯ ನಿಯಮ, ಒಲೆ ಎಡಕ್ಕಿರುವುದು. ಅವರು ಪೂರ್ತಿ ಕೇಳಿದರು.

"ಕುಣಿಲಾರದಾಕಿ ಅಂಗಳ ಡೊಂಕು ಅಂದ್ಲಂತ" ಎಂದರು. "ನಿನ್ನ ಕಾಲು ಮಡಚಲಿಲ್ಲ ಅಂದ್ರ ನನ್ನ ಒಲಿ ಮ್ಯಾಲ ಯಾಕ ಹಾಕ್ತಿ? ಈ ಒಲಿ ನನ್ನ ಕೈಯಾರೆ ಕಟ್ಟೇನಿ. ರೊಟ್ಟಿನೂ ಕೆಡಸಿದಿ, ದೇವರಿಗೆ ಬೆನ್ನೂ ಮಾಡಿದಿ. ಈ ಶನಿವಾರ ಹೋಗೂದು ಬ್ಯಾಡ."

ನನಗೂ ಮೂಗಿನ ಮೇಲೇ ಸಿಟ್ಟು. ಕಣ್ಣಲ್ಲಿ ನೀರು ಬಂದಿತ್ತು, ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಅಂಗಳ ಡೊಂಕ ಐತ್ರಿ ಅತ್ಯಾರ. ನೀವು ಬೇಕಾದ್ರ ಕುಣದು ನೋಡ್ರಿ. ಬಲಗಾಲು ಮಡಚಿ ಎಡತೊಡಿ ಮ್ಯಾಲ ಇಡ್ರಿ. ಆಮ್ಯಾಲ ಎಡಗಾಲು ಬಲತೊಡಿ ಮ್ಯಾಲ ಇಡ್ರಿ. ಎರಡೂ ಒಂದ ಥರ ಆದ್ವು ಅಂದ್ರ ನಾ ಬಾಗೇವಾಡಿ ಹೆಸರು ಎತ್ತೂದಿಲ್ಲ."

ಹಾಗೆ ಅವರ ಎದುರಿಗೆ ನಾನೆಂದೂ ಮಾತಾಡಿರಲಿಲ್ಲ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೂತರು. ಸೋಲುವ ಪೈಕಿ ಅಲ್ಲ ನಮ್ಮ ಅತ್ತೆ. ಎಡಗಾಲನ್ನು ಕೈಯಿಂದ ಎತ್ತಿ ಬಲತೊಡೆಯ ಮೇಲೆ ಇಟ್ಟುಕೊಂಡರು. ಆ ವಯಸ್ಸಿಗೆ ಅದು ಅಷ್ಟು ಸಲೀಸಾಗಿ ಬಂದದ್ದಕ್ಕೆ ನನಗೆ ಆಶ್ಚರ್ಯವಾಯಿತು. ಅದನ್ನು ಬಿಡಿಸಿ ಬಲಗಾಲನ್ನು ಎತ್ತಿದರು. ಪಾದ ಎಡ ಮೊಣಕಾಲಿನ ಹತ್ತಿರ ಬಂದು ನಿಂತಿತು. ಮೊಣಕಾಲು ನೆಲದಿಂದ ಗೇಣಿನ ಮೇಲೆ ಇನ್ನೊಂದು ಗೇಣು. ಎಳೆದರು. ಬರಲಿಲ್ಲ. ಮತ್ತೆ ಎಳೆದರು.

"ಒತ್ತಬ್ಯಾಡ್ರಿ, ಊದತೈತಿ" ಎಂದು ನಾನೇ ಕೈ ಹಿಡಿದೆ.

ಅವರು ಕಾಲು ಚಾಚಿ ಕೂತು ಒಲೆಯ ಕಡೆ ನೋಡಿದರು. "ಪೂಜಿಗೆ ಕುಂತಾಗ ಈ ಬಲಚಪ್ಪಿ, ತೊಡಿ ಬುಡ, ಯಾಕ ಹಿಂಗ ಸೆಳಿತಿತ್ತು ಅಂತ ಈಗ ಗೊತ್ತಾತು" ಎಂದರು. "ಎಷ್ಟು ಎಣ್ಣಿ ಹಚ್ಚೇನಿ ಇದಕ್ಕ." ಆಮೇಲೆ ಎದ್ದು ಹೋದರು. ಶನಿವಾರದ ಮಾತು ಅಲ್ಲೇ ಉಳಿಯಿತು. ಹೋಗು ಅಂದಂತೆಯೋ ಬೇಡ ಅಂದಂತೆಯೋ ತಿಳಿಯದೆ ನಾನು ರಾತ್ರಿಯೆಲ್ಲ ಹೊರಳಾಡಿದೆ.

ಮರುದಿನ ಸಾಲೆಯಿಂದ ಬಂದಾಗ ಅಡುಗೆಮನೆಯ ತೆಂಕಣ ಗೋಡೆಯ ನೀರಿನ ಕೊಡಗಳೆಲ್ಲ ಪಡಸಾಲೆಗೆ ಬಂದಿದ್ದವು. ಒಳಗೆ ಅತ್ತೆ ಮೊಣಕೈವರೆಗೆ ಕೆಸರು ಮಾಡಿಕೊಂಡು ಕೂತಿದ್ದರು. ಹುತ್ತದ ಮಣ್ಣಿಗೆ ಹೊಟ್ಟು ಕಲಸಿ, ಕೊಡ ಇಡುತ್ತಿದ್ದ ಜಾಗದಲ್ಲಿ ಹೊಸ ಒಲೆ ಎತ್ತುತ್ತಿದ್ದರು. ಅದರ ಮುಂದೆ ಕೂತರೆ ಮುಖ ಜಗಲಿಗೆ, ಉರಿ ಬಲಕ್ಕೆ.

"ಹಳೇ ಒಲಿ?" ಎಂದಷ್ಟೇ ಕೇಳಿದೆ.

"ಅದು ಅಲ್ಲೇ ಇರ್ತೈತಿ. ನಾ ಕಟ್ಟಿದ ಒಲಿ ನಾ ಯಾಕ ಒಡೀಲಿ" ಅಂದರು. "ನೋಡಾಕತ್ತಿ ಏನು, ನೀರು ಕೊಡು. ಮತ್ತ ಕೇಳು, ರೊಟ್ಟಿ ಬಗ್ಗೆ ಆಡಿದ ಮಾತು ಮಾತ. ದೀಪಾವಳಿತನಕ ಸೊಟ್ಟ ಆದ್ರ ತಿಂತೇವಿ. ಆಮ್ಯಾಲ ಆಗಬಾರ್ದು."

ದೀಪಾವಳಿಯವರೆಗೆ ನಮ್ಮ ಮನೆಯವರು ತಿಂದ ರೊಟ್ಟಿಯನ್ನು ಇಂದಿಗೂ ನೆನೆದು ನಾಚುತ್ತೇನೆ. ಬಡಿಯುವ ಬಲಗೈಯೇ ಈಗ ಉರಿಯನ್ನೂ ನೂಕಬೇಕು. ಹಿಟ್ಟಿನ ಕೈ ಕಟ್ಟಿಗೆಗೆ, ಬೂದಿಯ ಕೈ ರೊಟ್ಟಿಗೆ. ಮೊದಮೊದಲು ರೊಟ್ಟಿಯ ಮೇಲೆ ಬೂದಿಯ ಬೆರಳು ಮೂಡುತ್ತಿತ್ತು. ಮೈಯ ಭಾರ ಬಲಚಪ್ಪೆಯ ಮೇಲೆ ಬಿದ್ದು ಅಂಗೈ ಓರೆಯಾಗುತ್ತಿತ್ತು, ಹೀಗಾಗಿ ಒಂದು ಅಂಚು ದಪ್ಪ ಉಳಿಯುತ್ತಿತ್ತು. ನನ್ನ ಗಂಡ ಒಂದು ದಿನ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಯಾವ ಆಸನ?" ಎಂದು ಕೇಳಿದರು. ಮದುವೆಯಾದ ಮೇಲೆ ಅವರು ಆಡಿದ ಮೊದಲ ಚೇಷ್ಟೆಯ ಮಾತು ಅದು. ಅತ್ತೆ ಪಕ್ಕದಲ್ಲಿ ಕೂತು ನನ್ನನ್ನು ಮತ್ತೆ ಮೊದಲಿನಿಂದ ತಿದ್ದಿದರು. ಉರಿಯನ್ನು ಮೊದಲೇ ಹದ ಮಾಡಿಕೊಂಡು ಆಮೇಲೆ ಹಿಟ್ಟಿಗೆ ಕೈ ಹಾಕು ಅಂದರು. ಚಪ್ಪೆ ಎತ್ತಬೇಡ, ಭಾರ ನಡುವೆ ಇಡು ಅಂದರು. ಬಾಯಿಯವರು ಪದ್ಮಾಸನಕ್ಕೆ ಹೇಳುತ್ತಿದ್ದುದೂ ಇದನ್ನೇ.

ಸಿಂದಗಿಯ ಗೆಳತಿಯನ್ನು, "ನಿಮ್ಮ ಮನ್ಯಾಗ ಜಗಲಿ ಇಲ್ಲ, ನೀ ಆರಾಮ ತಿರುಗಿ ಕುಂತಿರಬೇಕು" ಎಂದು ಕೇಳಿದೆ. "ಜಗಲಿ ಇಲ್ಲ ಅಂದ್ರ ಏನಾತು, ಅತ್ತಿ ಅದಾರಲ್ಲ" ಎಂದು ನಕ್ಕಳು. ಅವಳ ಅತ್ತೆಯೂ ಕೊನೆಗೆ ಒಪ್ಪಿದರಂತೆ.

ಮೊಣಕಾಲು ಇಳಿಯತೊಡಗಿತು. ಈ ಸಲ ಇಳಿದದ್ದು ಮೇಲೇರಲಿಲ್ಲ. ಗೇಣು ಹೋಗಿ ಅಂಗೈಯಾಯಿತು. ಅಂಗೈ ಹೋಗಿ ಬೆರಳಾಯಿತು. ಒಂದು ಶನಿವಾರ ಬಾಯಿಯವರು ಕೈ ತೂರಿಸಲು ಹೋದರು, ಕೈಗೆ ಜಾಗ ಸಿಗಲಿಲ್ಲ. ಅವರು ನನ್ನ ಬೆನ್ನ ಮೇಲೊಮ್ಮೆ ತಟ್ಟಿ ಮುಂದಿನವಳ ಹತ್ತಿರ ಹೋದರು. ಹೊಟ್ಟೆಗೆ ಹಾಲು ಹೊಯ್ದಷ್ಟು ತಣ್ಣಗಾಯಿತು ನನಗೆ.

ಪರೀಕ್ಷೆಗೆ ಧಾರವಾಡದ ಕಡೆಯಿಂದ ಒಬ್ಬರು ಪರೀಕ್ಷಕರು ಬಂದರು. ಸಣಕಲು ಮನುಷ್ಯ, ನಗು ಕಡಿಮೆ. ಶಾಸ್ತ್ರಿಗಳೂ ಬಾಯಿಯವರೂ ಅವರ ಪಕ್ಕದಲ್ಲಿ ಕೂತಿದ್ದರು. ನಾನು ಪದ್ಮಾಸನ ಹಾಕಿದೆ. ಪರೀಕ್ಷಕರು ಎದ್ದು ಬಂದು, ಕೈಯಲ್ಲಿದ್ದ ಕಾಗದವನ್ನು ನನ್ನ ಬಲ ಮೊಣಕಾಲಿನ ಕೆಳಗೆ ನೂಕಿ ನೋಡಿದರು. ಕಾಗದ ಮಡಚಿಕೊಂಡಿತು, ಒಳಗೆ ಹೋಗಲಿಲ್ಲ.

ಚಿತ್ತದ ಬಗ್ಗೆ ಕೇಳಿದರು, ಕ್ಲೇಶಗಳ ಬಗ್ಗೆ ಕೇಳಿದರು, ಯಮ ನಿಯಮ ಹೇಳಿಸಿದರು. ಹೇಳಿದೆ. ಎಡಪಾದಕ್ಕೆ ಜೋಮು ಹಿಡಿದು ಅದು ಮೆಲ್ಲಗೆ ಮೇಲೇರುತ್ತಿತ್ತು. ಆಮೇಲೆ ಸಂಸ್ಕಾರ ಎಂದರೇನು ಎಂದು ಕೇಳಿದರು. ಬರೆದುಕೊಂಡದ್ದನ್ನು ಒಪ್ಪಿಸತೊಡಗಿದೆ.

"ಅದು ಶಾಸ್ತ್ರಿಗಳು ಹೇಳಿದ್ದು" ಎಂದು ತಡೆದರು. "ನೀವು ಕಂಡದ್ದು ಏನರೆ ಇದ್ರ ಹೇಳ್ರಿ."

ಒಲೆಯ ಕಥೆ ಹೇಳಿದೆ. ಎಡಕ್ಕಿದ್ದ ಉರಿ, ಎದ್ದು ನಿಂತ ಮೊಣಕಾಲು, ಸುಟ್ಟ ಸೀರೆ, ಅತ್ತೆ ಕಟ್ಟಿದ ಹೊಸ ಒಲೆ. ಬಾಯಿಯವರು ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡರು. ಪರೀಕ್ಷಕರು ನಗಲಿಲ್ಲ. ಮುಂದಕ್ಕೆ ಬಾಗಿ ಕೇಳಿದರು.

"ಹೊಸ ಒಲಿ ಮುಂದ ದಿನಾ ಕುಂತ್ರಿ. ಅದೂ ಒಂದು ಸಂಸ್ಕಾರನ ಆತಲ್ಲ. ಒಂದು ಹಗ್ಗ ಬಿಚ್ಚಿ ಇನ್ನೊಂದು ಕಟಕೊಂಡ್ರಿ. ಇದರಾಗ ಬಿಡುಗಡಿ ಎಲ್ಲಿ ಬಂತು?"

ಶಾಸ್ತ್ರಿಗಳು ತಲೆ ತಗ್ಗಿಸಿಕೊಂಡರು, ಅವರು ಈ ಪಾಠದವರೆಗೆ ನಮ್ಮನ್ನು ಒಯ್ದಿರಲಿಲ್ಲ. ಜೋಮು ತೊಡೆಗೆ ಏರಿತ್ತು. ಇಷ್ಟು ಮಾಡಿ ಇಲ್ಲಿ ಬಂದು ಬೀಳುತ್ತೇನೆಯೇ ಅನಿಸಿತು. ಮೊಣಕಾಲು ಮಾತ್ರ ಅಲ್ಲಾಡದೆ ನೆಲದ ಮೇಲಿತ್ತು. ಅದನ್ನೇ ನೋಡುತ್ತ ಕೂತೆ. ನಮ್ಮ ಅಡುಗೆಮನೆ ಕಣ್ಣಿಗೆ ಬಂತು. ಈ ಗೋಡೆಗೆ ಒಂದು ಒಲೆ, ಆ ಗೋಡೆಗೆ ಒಂದು.

"ಹಳೇ ಒಲಿ ಒಡದಿಲ್ರಿ" ಎಂದೆ.

"ಅಂದ್ರ?"

"ಎರಡೂ ಅದಾವ್ರಿ. ಮೊದಲ ಒಂದ ಇತ್ತು. ಅದು ಕುಂಡ್ರಿಸಿದಂಗ ಕುಂಡ್ರತಿದ್ದೆ, ಕುಂತದ್ದೂ ಗೊತ್ತಾಗತಿರಲಿಲ್ಲ. ಈಗ ಮುಂಜಾನೆ ಒಳಗ ಹೋದಾಕಿ ಒಂದು ಗಳಿಗಿ ನಿಂದ್ರತೇನಿ. ಇವತ್ತು ಯಾವ ಕಡೆ ಅಂತ ನಾನ ನೋಡತೇನಿ, ಆಮ್ಯಾಲ ಕುಂಡ್ರತೇನಿ. ಆ ನಿಂತ ಗಳಿಗಿ ಮೊದಲ ಇರಲಿಲ್ರಿ. ಅದ ಬಿಡುಗಡಿ ಅಂತ ನಾ ಅನ್ನೂದಿಲ್ಲ. ಆದ್ರ ಅದರ ಬಾಗಿಲು ಅಲ್ಲೆ ಎಲ್ಲೋ ಐತಿ ಅನಸತೈತಿ."

ಶಾಸ್ತ್ರಿಗಳು ತಲೆ ಎತ್ತಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಅಂಥ ನೋಟಕ್ಕೆ ಇನ್ನೊಂದು ವರ್ಷ ಸೊಟ್ಟ ರೊಟ್ಟಿ ತಿನ್ನಬಹುದಿತ್ತು.

"ಕಾಲು ಬಿಡಿಸ್ರಿ ಅಕ್ಕಾವ್ರ" ಎಂದರು ಪರೀಕ್ಷಕರು. "ಆತು ನಿಮ್ದು. ಮುದ್ದೇಬಿಹಾಳದ ಹುಡುಗ್ಯಾರಿಗೆ ಚೊಲೋ ಕಲಸ್ರಿ."

ಕಾಲು ಬಿಡಿಸಿ ಏಳಲು ಹೋದರೆ ಕಾಲುಗಳೇ ಇರಲಿಲ್ಲ. ಸಿಂದಗಿಯ ಗೆಳತಿ, ಇಂಡಿಯ ಹುಡುಗಿ ಎರಡೂ ಕಡೆ ಹಿಡಿದು ನನ್ನನ್ನು ಹೊರಗೆ ತಂದರು. ಆಮೇಲೆ ಅವರ ಸರದಿ. ಮೂರು ತಾಲೂಕಿನ ಮೂರೂ ಬಲ ಮೊಣಕಾಲುಗಳು ಆ ದಿನ ನೆಲ ಬಿಡಲಿಲ್ಲ. ವಾಡೆಯ ಕಟ್ಟೆಯ ಮೇಲೆ ಕೂತು ನಾವು ನಕ್ಕದ್ದಕ್ಕೆ ದಾರಿಯಲ್ಲಿ ಹೋಗುವವರು ನಿಂತು ನೋಡಿದರು.

ಮುದ್ದೇಬಿಹಾಳಕ್ಕೆ ಬಂದಾಗ ದೀಪ ಹಚ್ಚುವ ಹೊತ್ತು. ಅತ್ತೆ ಜಗಲಿಯ ಮುಂದೆ ಕೂತಿದ್ದರು. ನನ್ನ ಹೆಜ್ಜೆಯ ಸಪ್ಪಳಕ್ಕೆ ತಿರುಗಲಿಲ್ಲ.

"ಆತೇನು?"

"ಆತ್ರಿ ಅತ್ಯಾರ. ಸಾಲಿ ಜಾಗಾ ನಂದ ಇನ್ನ."

"ಏನು ಕೇಳಿದ್ರು?"

"ಬಿಡುಗಡಿ ಬಗ್ಗೆ ಕೇಳಿದ್ರಿ. ನಾ ನಿಮ್ಮ ಎರಡು ಒಲಿ ಬಗ್ಗೆ ಹೇಳಿದೆ."

ಅವರು ಆ ಮಾತನ್ನು ಬಾಯಲ್ಲಿಟ್ಟು ಚಪ್ಪರಿಸಿದರು. "ಹಂಗಾರ ಪರೀಕ್ಷಾದಾಗ ನಾನೂ ಪಾಸ್ ಆದೆ ಅನ್ನು" ಎಂದರು. ಆಮೇಲೆ, "ಇಲ್ಲಿ ಬಾ, ಅಳದು ನೋಡು" ಎಂದು ಕರೆದರು.

ಹತ್ತಿರ ಹೋಗಿ ನೋಡಿದೆ. ಅತ್ತೆ ಜಗಲಿಯ ಮುಂದೆ ಎರಡೂ ಕಾಲು ಮಡಚಿ ಕೂತಿದ್ದರು. ಬಲಪಾದ ಎಡತೊಡೆಯ ಮೇಲಿತ್ತು. ನನಗೆ ಗೊತ್ತಿಲ್ಲದೆ, ನಾನು ಸಾಲೆಗೆ ಹೋದ ಮೇಲೆ, ಹೊಸ ಒಲೆಯ ಮುಂದೆ ಇವರೂ ಮಗ್ಗಲು ಬದಲಿಸಿ ಕೂಡುತ್ತಿದ್ದರೆಂದು ಆಗ ತಿಳಿಯಿತು. ನಾನು ಮಂಡಿಯೂರಿ ಅವರ ಬಲ ಮೊಣಕಾಲಿನ ಕೆಳಗೆ ಕೈ ತೂರಿಸಿ ಬೆರಳು ಎಣಿಸಿದೆ, ಬಾಯಿಯವರು ನನಗೆ ಮಾಡುತ್ತಿದ್ದ ಹಾಗೆಯೇ.

"ನಾಕು ಬಟ್ಟು ಅದಾವ್ರಿ ಅತ್ಯಾರ."

"ಬರೇ ನಾಕ?" ಎಂದರು ಅವರು ದೀಪದ ಬತ್ತಿ ಸರಿ ಮಾಡುತ್ತ. "ನಿನ್ನಿ ಐದಿದ್ವು."